ಭಾಷಾಕಲಿಕೆಯ ಅರ್ಥಶಾಸ್ತ್ರ: ಕಾರವಾರ-ಅಂಕೋಲೆಗಳ ಒರೆಗಲ್ಲಿನಲ್ಲಿ ಮೂರು ಪ್ರಬಂಧಗಳು

ಭಾಷೆಯ ವಿಚಾರವು ವೈಯಾಕರಣರಿಗೂ ಕವಿಗಳಿಗೂ ಸೇರಿದ್ದು, ಕೂಲಿ ಸಂಬಳಗಳ ವಿಚಾರವು ಅರ್ಥಶಾಸ್ತ್ರಜ್ಞರಿಗೆ ಸೇರಿದ್ದು, ಶಾಲೆಗಳ ವಿಚಾರವು ಸರಕಾರದ ವಿದ್ಯಾ ಇಲಾಖೆಗೆ ಸೇರಿದ್ದು ಎಂಬ ವಿಂಗಡಣೆಯು ಬಹುಕಾಲ ನಡೆದುಬಂದಿತು. ಈಚಿನ ವರ್ಷಗಳಲ್ಲಿ ಈ ಬೇಲಿಯು ಮುರಿದಿದೆ. ಮಗುವು ಯಾವ ಭಾಷೆಯಲ್ಲಿ ಓದಿದರೆ ಎಷ್ಟು ಕಲಿಯುವುದು, ಕಲಿತ ಭಾಷೆಯಿಂದ ಮುಂದೆ ಎಷ್ಟು ಗಳಿಸುವುದು, ಈ ಎರಡರಲ್ಲಿಯೂ ರಾಜ್ಯದ ನೀತಿಯ ಪಾಲೆಷ್ಟು ಎಂಬ ಪ್ರಶ್ನೆಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿ ಅಂಕಿಗಳಿಂದ ಉತ್ತರ ಹೇಳಲು ಯತ್ನಿಸಿರುವ ಪ್ರಬಂಧಗಳು ಒಂದರ ಹಿಂದೊಂದು ಹೊರಟಿವೆ. ಅವುಗಳಲ್ಲಿ ಭರತಖಂಡಕ್ಕೆ ಸಂಬಂಧಿಸಿದ ಮೂರನ್ನು ಇಲ್ಲಿ ಪರಿಶೀಲನೆಗೆ ಎತ್ತಿಕೊಳ್ಳಲಾಗಿದೆ: ಗೌರಿ ಕಾರ್ತಿನಿ ಶಾಸ್ತ್ರಿಯವರು 2012ರಲ್ಲಿ ಪ್ರಕಟಿಸಿದ್ದು, ಮೆಹ್ತಾಬುಲ್ ಆಜಮ್, ಐಮಿ ಚಿನ್, ನಿಶೀಥ್ ಪ್ರಕಾಶ್ ಈ ಮೂವರು ಕೂಡಿ 2013ರಲ್ಲಿ ಪ್ರಕಟಿಸಿದ್ದು, ತರುಣ್ ಜೈನ್ ಅವರು 2017ರಲ್ಲಿ ಪ್ರಕಟಿಸಿದ್ದು. ಮೂರೂ ಇಂಗ್ಲಿಷಿನಲ್ಲಿವೆ; ಮೂರೂ ವಿದ್ವತ್ಪತ್ರಿಕೆಗಳಲ್ಲಿ ಬಂದವು. ಶಿಕ್ಷಣಮಾಧ್ಯಮದ ಚರ್ಚೆ ಎದ್ದಾಗಲೆಲ್ಲ ಇಂಥ ಬರಹಗಳ ಅಂಕಿಗಳನ್ನು ಕಿತ್ತು ಮುಂದಿಡುವುದು ವಾಡಿಕೆಯಾಗುತ್ತಿರುವುದರಿಂದ, ಆ ಅಂಕಿಗಳು ಯಾವ ನೆಲದಲ್ಲಿ ನಿಲ್ಲುವುವು, ಯಾವ ನೆಲದಲ್ಲಿ ಜಾರುವುವು ಎಂಬುದನ್ನು ನೋಡುವುದು ಅವಶ್ಯಕವಾಗಿದೆ.

ಒರೆಗಲ್ಲಾಗಿ ಆರಿಸಿಕೊಂಡಿರುವುದು ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲೆ ತಾಲೂಕುಗಳನ್ನು. ಈ ಎರಡು ಪಟ್ಟಣಗಳ ನಡುವಣ ಅಂತರವು ಮೂವತ್ತು ಮೈಲಿಗಳಿಗಿಂತ ಕಡಮೆ. ಎರಡಕ್ಕೂ ಒಂದೇ ಕಡಲು, ಒಂದೇ ಮಳೆ, ಒಂದೇ ಕಲೆಕ್ಟರರ ಕಚೇರಿ. 1799ರಲ್ಲಿ ಎರಡೂ ಒಟ್ಟಿಗೆ ಕುಂಪಣಿಯ ಕೈಸೇರಿದವು. 1862ರಲ್ಲಿ ಒಟ್ಟಿಗೆ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಹೋದವು. 1956ರ ನವೆಂಬರ್ 1ರಂದು ಒಟ್ಟಿಗೆ ಮೈಸೂರು ರಾಜ್ಯಕ್ಕೆ ಬಂದವು. ಆದರೆ ಮನೆಯ ಮಾತಿನಲ್ಲಿ ಇವು ಒಂದಲ್ಲ. ಕಾಳೀನದಿಯ ಮುಖದಲ್ಲಿರುವ ಕಾರವಾರದಲ್ಲಿ ಕೊಂಕಣಿಯು ಪ್ರಬಲ. ಗಂಗಾವಳಿಯ ಕಡೆಗೆ ಇಳಿದಂತೆ ಅಂಕೋಲೆಯಲ್ಲಿ ಕನ್ನಡವು ಪ್ರಬಲ. ಆಳ್ವಿಕೆಯೆಲ್ಲ ಒಂದಾಗಿದ್ದು ಮಾತು ಮಾತ್ರ ಬೇರೆಯಾಗಿರುವ ಇಂಥ ನೆರೆಹೊರೆಯು ಸಂಶೋಧಕನಿಗೆ ಸುಲಭವಾಗಿ ದೊರಕತಕ್ಕುದಲ್ಲ. ಈ ಮೂರು ಪ್ರಬಂಧಗಳ ಹಿಡಿತಕ್ಕೆ ಈ ಭೇದವೇ ಸಿಕ್ಕುವುದಿಲ್ಲವೆಂಬುದು ಪ್ರಕೃತ ವಿಮರ್ಶೆಯ ಮುಖ್ಯ ಆಕ್ಷೇಪವಾಗಿದೆ.

ಮೂರರಲ್ಲಿ ಕನ್ನಡಿಗರಿಗೆ ಹೆಚ್ಚು ಸಂಬಂಧಪಟ್ಟದ್ದು ಜೈನ್ ಅವರ ಪ್ರಬಂಧವಾದುದರಿಂದ ಅದನ್ನು ಮೊದಲು ನೋಡುವುದು ಯುಕ್ತ. ಅದರ ವಾದಸರಣಿಯು ಸರಳವೂ ಸುಂದರವೂ ಆಗಿದೆ. ಬ್ರಿಟಿಷರ ಪ್ರಾಂತಗಳನ್ನು ಭಾಷೆಗನುಸಾರವಾಗಿ ಕಟ್ಟಿರಲಿಲ್ಲ. ಆದಕಾರಣ ಒಂದೇ ಪ್ರಾಂತದಲ್ಲಿ, ಜನರ ಭಾಷೆಯೂ ಪ್ರಾಂತದ ಆಡಳಿತಭಾಷೆಯೂ ಒಂದೇ ಆಗಿದ್ದ ಜಿಲ್ಲೆಗಳು ಕೆಲವು, ಬೇರೆ ಬೇರೆಯಾಗಿದ್ದ ಜಿಲ್ಲೆಗಳು ಕೆಲವು ಇದ್ದವು. ಮೊದಲಿನವನ್ನು ಸಮಭಾಷಾ ಜಿಲ್ಲೆಗಳೆಂದೂ ಎರಡನೆಯವನ್ನು ವಿಷಮಭಾಷಾ ಜಿಲ್ಲೆಗಳೆಂದೂ ಇಲ್ಲಿ ಕರೆಯಬಹುದು. ಜೈನ್ ಅವರ ಗಣನೆಯಂತೆ ವಿಷಮಭಾಷಾ ಜಿಲ್ಲೆಗಳಲ್ಲಿ ಸಾಕ್ಷರತೆಯು ಶೇಕಡಾ 18ರಷ್ಟು ಕಡಮೆ, ಕಾಲೇಜಿನ ಪದವೀಧರರ ಪ್ರಮಾಣವು ಶೇಕಡಾ 20.1ರಷ್ಟು ಕಡಮೆ, 1956ರಲ್ಲಿ ಭಾಷಾವಾರು ಪ್ರಾಂತರಚನೆಯಾದ ಮೇಲೆ ಹಿಂದುಳಿದಿದ್ದ ಜಿಲ್ಲೆಗಳು ಮುಂದಿನವುಗಳನ್ನು ಬಂದು ಕೂಡಿಕೊಂಡವು. ಅನ್ಯಭಾಷೆಯ ಮಾಧ್ಯಮದಲ್ಲಿ ಕಲಿಯುವ ಕಷ್ಟವೇ ಈ ಕೊರತೆಗೆ ಕಾರಣವೆಂದು ಅವರು ತೀರ್ಮಾನಿಸಿರುತ್ತಾರೆ. ಕರ್ನಾಟಕದ ಏಕೀಕರಣಕ್ಕಾಗಿ ದುಡಿದವರು ಹೃದಯದಿಂದ ನಂಬಿದ್ದ ಮಾತನ್ನು ಈ ಪ್ರಬಂಧವು ಲೆಕ್ಕದಿಂದ ತೋರಿಸುತ್ತದೆ. ಅಂಥ ಬರಹದ ವಿಷಯದಲ್ಲಿ ಕನ್ನಡ ವಾಚಕನು ಸಹಜವಾಗಿಯೇ ಮೃದುವಾಗುವನು. ಹಾಗೆ ಮೃದುವಾಗುವ ಕಡೆಯಲ್ಲಿಯೇ ಪರೀಕ್ಷೆಯು ಬಿಗಿಯಾಗಬೇಕಾದುದು.

ಕಾರವಾರವನ್ನು ಈ ಎರಡು ಕೋಷ್ಠಕಗಳಲ್ಲಿ ಯಾವುದರಲ್ಲಿ ಹಾಕಬೇಕು? 1905ರಲ್ಲಿ ಹೊರಬಿದ್ದ ಗ್ರಿಯರ್ಸನ್ನರ ಭಾಷಾ ಸಮೀಕ್ಷೆಯ ಏಳನೆಯ ಸಂಪುಟವು ಕೊಂಕಣಿಯನ್ನು ಮರಾಠಿಯ ಒಂದು ಉಪಭಾಷೆಯಾಗಿ ವಿವರಿಸಿತು. ಆ ಮತವನ್ನು ಹಿಡಿದರೆ, ಮುಂಬಯಿ ಪ್ರಾಂತದಲ್ಲಿ ಮರಾಠಿಗೆ ಪ್ರಾಬಲ್ಯವಿದ್ದಷ್ಟು ಕಾಲವೂ ಕಾರವಾರವು ಸಮಭಾಷಾ ಪ್ರದೇಶ; 1956ರಲ್ಲಿ ಅದು ವಿಷಮಭಾಷಾ ಪ್ರದೇಶವಾಯಿತು. ಕೊಂಕಣಿಯು ಸ್ವತಂತ್ರ ಭಾಷೆಯೆಂಬ ಮತವನ್ನು ಹಿಡಿದರೆ, ಅದು 1956ಕ್ಕೆ ಮುಂಚೆಯೂ ವಿಷಮ, ಅನಂತರವೂ ವಿಷಮ. ಜಿಲ್ಲೆಗೆಲ್ಲ ಕನ್ನಡವೇ ಭಾಷೆಯೆಂದು ಒಟ್ಟಾಗಿ ಬರೆದುಕೊಂಡರೆ, ಮುಂಚೆ ವಿಷಮವಾಗಿದ್ದು ಅನಂತರ ಸಮವಾಯಿತು. ಊರು ಒಂದೇ, ಮಕ್ಕಳು ಅವರೇ, ಶಾಲೆಯ ಗೋಡೆಯೂ ಅದೇ. ಪಂಡಿತರು ಕೊಂಕಣಿಗೆ ಯಾವ ಹೆಸರಿಟ್ಟರೆಂಬುದರ ಮೇಲೆ ಮೂರು ಪರಸ್ಪರವಿರುದ್ಧ ಉತ್ತರಗಳು ಬರುತ್ತವೆ. ಗಣಿತದ ಯಾವ ಸೂಕ್ಷ್ಮತೆಯೂ ಈ ಮೊದಲನೆಯ ಹೆಜ್ಜೆಯ ದೋಷವನ್ನು ತೊಳೆಯಲಾರದು.

ಇದು ಬರಿಯ ತರ್ಕದ ಆಟವೆಂದು ಯಾರೂ ತಿಳಿಯಬಾರದು. 1939ರ ಜುಲೈಯಲ್ಲಿ ಮಾಧವ ಮಂಜುನಾಥ ಶಾನಭಾಗರೆಂಬ ಕಾರವಾರದ ವಕೀಲರು ಅಖಿಲ ಭಾರತ ಕೊಂಕಣಿ ಪರಿಷತ್ತಿನ ಮೊದಲನೆಯ ಅಧಿವೇಶನವನ್ನು ಅದೇ ಊರಿನಲ್ಲಿ ಸೇರಿಸಿದರು. ತಮ್ಮ ನುಡಿಯು ಯಾವುದರ ಕೊಂಬೆಯೂ ಅಲ್ಲವೆಂಬ ಅಭಿಪ್ರಾಯಕ್ಕೆ ಆ ಊರೇ ವೇದಿಕೆಯಾಯಿತು. ಮುಂದೆ ಮಹಾರಾಷ್ಟ್ರವು ಕಾರವಾರವನ್ನು ಕೇಳಿದಾಗ ಅದರ ಹಕ್ಕು ನಿಂತದ್ದು ಕೊಂಕಣಿಯನ್ನು ಮರಾಠಿಯೊಳಗೆ ಎಣಿಸುವುದರ ಮೇಲೆ. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿಯನ್ನು ಒಪ್ಪಿಸಿದ ಮೆಹರ್ ಚಂದ್ ಮಹಾಜನರ ಆಯೋಗವು ಕೊಂಕಣಿಯನ್ನು ಬೇರೆ ಭಾಷೆಯೆಂದೇ ಕಂಡು ಆ ಕೇಳಿಕೆಯನ್ನು ತಳ್ಳಿಹಾಕಿತು. ಮರುವರ್ಷವೇ ಎ. ಆರ್. ಅಂತುಲೆಯವರು ಆ ವರದಿಯನ್ನು ಖಂಡಿಸಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೇ ಬರೆದರು. 1975ರಲ್ಲಿ ಸಾಹಿತ್ಯ ಅಕಾಡೆಮಿಯು ಕೊಂಕಣಿಯನ್ನು ಮನ್ನಿಸಿತು; 1992ರಲ್ಲಿ ಅದು ಸಂವಿಧಾನದ ಎಂಟನೆಯ ಅನುಸೂಚಿಯನ್ನು ಸೇರಿತು. ಹೀಗೆ, ಅರ್ಥಶಾಸ್ತ್ರಜ್ಞನು ಸಿದ್ಧವಸ್ತುವೆಂದು ಕೈಗೆತ್ತಿಕೊಳ್ಳುವ ‘ಜಿಲ್ಲೆಯ ಭಾಷೆ’ ಎಂಬ ಅಂಕಿಯು ಅರ್ಧಶತಮಾನಕ್ಕೂ ಮೀರಿದ ವ್ಯಾಜ್ಯದ ವಸ್ತುವಾಗಿದೆ. ವ್ಯಾಜ್ಯದಲ್ಲಿರುವ ಪದಾರ್ಥವನ್ನೇ ಸಾಕ್ಷಿಗೆ ಕರೆದಂತಾಯಿತು.

ಮುಂಬಯಿ ಪ್ರಾಂತಕ್ಕೆ ಒಂದು ಭಾಷೆಯನ್ನು ಆರೋಪಿಸುವುದೂ ಸುಲಭವಲ್ಲ. ಗುಜರಾತಿ, ಮರಾಠಿ, ಕನ್ನಡ, ಬಹುಕಾಲ ಸಿಂಧಿಯೂ ಕೂಡಿದ್ದ ಪ್ರಾಂತವದು; ಎಲ್ಲಕ್ಕೂ ಮೇಲೆ ಇಂಗ್ಲಿಷು ಕುಳಿತಿತ್ತು. ಪ್ರಬಂಧವು ಇನ್ನೊಂದು ಸಂಗತಿಯನ್ನೂ ಯೋಚಿಸಬೇಕಾಗಿತ್ತು. ಯಾವ ಜಿಲ್ಲೆಯು ಯಾವ ಪ್ರಾಂತಕ್ಕೆ ಬಿದ್ದಿತೆಂಬುದು ಚೀಟಿಯೆತ್ತಿದಂತೆ ಆದುದಾಗಿದ್ದರೆ ಮಾತ್ರ ಹೋಲಿಕೆಗೆ ಬಲವುಂಟು. ಉತ್ತರ ಕನ್ನಡವು 1862ರಲ್ಲಿ ಮುಂಬಯಿಗೆ ಹೋದದ್ದು ಹಾಗಲ್ಲ. ಧಾರವಾಡದ ಹತ್ತಿಯನ್ನು ಘಟ್ಟದಿಂದಿಳಿಸಿ ಕಾರವಾರ ಬಂದರಿನಲ್ಲಿ ಹಡಗಿಗೇರಿಸಬೇಕೆಂಬ ವರ್ತಕರ ಒತ್ತಾಯವು ಅದರ ಹಿಂದೆ ಇದ್ದಿತು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬರ ಬಂದ ಕಾಲವದು. ಅಂದರೆ ಭಾಷಾವೈಷಮ್ಯವನ್ನು ತಂದ ಕಾರಣವೇ ಆರ್ಥಿಕವಾದದ್ದು. ಹೀಗಿರುವಾಗ ಆಮೇಲೆ ಕಂಡ ಆರ್ಥಿಕ ಅಥವಾ ಶೈಕ್ಷಣಿಕ ಭೇದವನ್ನೆಲ್ಲ ಭಾಷೆಯ ತಲೆಗೆ ಕಟ್ಟುವುದು ಸಾಹಸವೆನಿಸುತ್ತದೆ.

ಅಂಕೋಲೆಯನ್ನಾದರೂ ನಿಶ್ಚಿಂತೆಯಿಂದ ಸಮಭಾಷಾ ಪ್ರದೇಶವೆನ್ನಬಹುದೇ ಎಂದರೆ, ಅಲ್ಲಿಯೂ ಒಂದು ತೊಡಕುಂಟು. ಹಾಲಕ್ಕಿ ಒಕ್ಕಲಿಗರ ಮನೆಯ ಮಾತು ಕನ್ನಡವೇ ಸರಿ. ಆದರೆ ಅದು ಪಠ್ಯಪುಸ್ತಕದ ಕನ್ನಡವಲ್ಲ. ಉಚ್ಚಾರಣೆಯಲ್ಲಿಯೂ ಕ್ರಿಯಾಪದಗಳ ರೂಪದಲ್ಲಿಯೂ ಅದು ತನ್ನದೇ ದಾರಿ ಹಿಡಿದಿದೆ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು, 2017ರಲ್ಲಿ ಪದ್ಮಶ್ರೀ ಪಡೆದು 2025ರಲ್ಲಿ ತೀರಿಕೊಂಡವರು, ಲೆಕ್ಕವಿಲ್ಲದಷ್ಟು ಹಾಡುಗಳನ್ನು ನಾಲಗೆಯ ಮೇಲೆ ಇರಿಸಿಕೊಂಡಿದ್ದರು. ಆ ಸಂಪತ್ತಿಗೆ ಶಾಲೆಯ ಋಣವಿಲ್ಲ. ಜನಗಣತಿಯ ಕೋಷ್ಠಕದಲ್ಲಿ ಅಂಥವರ ಮನೆಯ ಮಗುವೂ ಧಾರವಾಡದ ಅಧ್ಯಾಪಕರ ಮನೆಯ ಮಗುವೂ ಒಂದೇ ಕಂಬದಲ್ಲಿ ಕೂಡುತ್ತವೆ. ಶಾಲೆಯ ಬಾಗಿಲಲ್ಲಿ ಅವರಿಬ್ಬರ ಕಷ್ಟವು ಒಂದೇ ಎಂದು ಯಾವ ಉಪಾಧ್ಯಾಯನೂ ಒಪ್ಪಲಾರನು.

ಜೈನ್ ಅವರ ಮುಖ್ಯ ಪ್ರಮಾಣವು 1956ರ ಅನಂತರದ ಏರಿಕೆ. ಭಾಷೆ ಬದಲಾಯಿತು, ಸಾಕ್ಷರತೆ ಏರಿತು. ಆದುದರಿಂದ ಭಾಷೆಯೇ ಕಾರಣ ಎಂಬುದು ವಾದ. ಆದರೆ ಶಾಲೆಯ ಭಾಷೆ ಯಾವುದೆಂದು ಕೇಳುವುದಕ್ಕೆ ಮೊದಲು ಶಾಲೆಯೇ ಇದೆಯೇ ಎಂದು ಕೇಳಬೇಕಾಗುತ್ತದೆ. ಈ ಕರಾವಳಿಯಲ್ಲಿ ಆ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಅಗ್ರಗಣ್ಯರು ದಿನಕರ ದೇಸಾಯಿಯವರು. ಚುಟುಕಗಳ ಕವಿಯೆಂದು ನಾಡಿಗೆಲ್ಲ ಪರಿಚಿತರಾದ ಇವರು ಭಾರತ ಸೇವಕ ಸಮಾಜದ ಸದಸ್ಯರಾಗಿ ಮುಂಬಯಿಯಲ್ಲಿ ಹಡಗಿನ ಕೆಲಸಗಾರರ ಸಂಘಟನೆಯಲ್ಲಿ ದುಡಿದು, ಜಿಲ್ಲೆಯಲ್ಲಿ ರೈತರ ಹೋರಾಟವನ್ನು ನಡೆಸಿ, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿದರು. ಜಿಲ್ಲೆಯ ಹಲವೆಡೆಗಳಲ್ಲಿ ಜನತಾ ವಿದ್ಯಾಲಯಗಳೆಂಬ ಪ್ರೌಢಶಾಲೆಗಳು ಹುಟ್ಟಿದುವು. 1966ರಲ್ಲಿ ಗೋಖಲೆಯವರ ಜನ್ಮಶತಾಬ್ದಿಯ ಹೆಸರಿನಲ್ಲಿ ಅಂಕೋಲೆಯಲ್ಲಿ ಕಾಲೇಜು ಪ್ರಾರಂಭವಾಯಿತು. ಟ್ರಸ್ಟಿನ ಸ್ಥಾಪನೆಯು ಪ್ರಾಂತರಚನೆಗಿಂತ ಮೂರು ವರ್ಷ ಮುಂಚಿನದು. ಆಗ ಜಿಲ್ಲೆಯು ಇನ್ನೂ ಮುಂಬಯಿ ರಾಜ್ಯದಲ್ಲಿಯೇ ಇತ್ತು. ಗೇಣಿಯ ಹೊರೆಯಿಂದ ಬಿಡುಗಡೆ ಹೊಂದುತ್ತಿದ್ದ ರೈತನ ಮಗನು ಆ ಶಾಲೆಗೆ ಹೋದದ್ದು ಅದರ ಭಾಷೆಯು ಕನ್ನಡವಾದುದರಿಂದಲೋ, ಶಾಲೆಯು ನಡೆದುಹೋಗುವಷ್ಟು ಹತ್ತಿರ ಬಂದುದರಿಂದಲೋ, ಕೂಲಿಗೆ ಕಳುಹಿಸದೆ ಒಂದೆರಡು ವರ್ಷ ತಾಳಿಕೊಳ್ಳುವ ಶಕ್ತಿ ಮನೆಗೆ ಬಂದುದರಿಂದಲೋ? ಮೂರೂ ನಿಜವಿರಬಹುದು. ಜಿಲ್ಲೆಗೊಂದು ಸಂಖ್ಯೆಯನ್ನು ಇಟ್ಟುಕೊಂಡು ಮೂರನ್ನೂ ಬಿಡಿಸಲು ಬಾರದು. ಗ್ರಾಮಗ್ರಾಮಗಳಲ್ಲಿ ಶಾಲೆ ತೆರೆದ ವರ್ಷವನ್ನೂ ಮನೆಯ ಮಾತನ್ನೂ ಜೋಡಿಸಿ ನೋಡಿದ್ದರೆ, ಕೊಂಕಣಿಯ ಕಾರವಾರವೂ ಕನ್ನಡದ ಅಂಕೋಲೆಯೂ 1956ರ ಅನಂತರ ಬೇರೆ ಬೇರೆ ವೇಗದಲ್ಲಿ ಏರಿದವೋ ಒಂದೇ ವೇಗದಲ್ಲಿಯೋ ಎಂಬುದು ಸ್ಪಷ್ಟವಾಗುತ್ತಿತ್ತು. ಭಾಷಾಕಾರಣವನ್ನು ನಿಜವಾಗಿ ಪರೀಕ್ಷಿಸುವ ಹೋಲಿಕೆಯು ಅದೇ. ಅಂಕೋಲೆಯೊಂದೇ ಏರಿ ಕಾರವಾರ ಹಿಂದುಳಿದಿದ್ದರೆ ಜೈನ್ ಅವರ ಮಾತಿಗೆ ದೊಡ್ಡ ಬೆಂಬಲ. ಎರಡೂ ಸಮಸಮವಾಗಿ ಏರಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ಜಿಲ್ಲೆಯ ಒಟ್ಟು ಚಿತ್ರವು ಒಂದು ಸಂದೇಹವನ್ನು ಹುಟ್ಟಿಸುತ್ತದೆಂಬುದನ್ನು ಮಾತ್ರ ಇಲ್ಲಿ ಸೂಚಿಸಬಹುದು. 2011ರ ಜನಗಣತಿಯಲ್ಲಿ ಉತ್ತರ ಕನ್ನಡದ ಜನಸಂಖ್ಯೆ 14,37,169. ಸಾಕ್ಷರತೆ ಶೇಕಡಾ 84ರಷ್ಟು. ಕರ್ನಾಟಕದ ಒಟ್ಟು ಸಾಕ್ಷರತೆ ಶೇಕಡಾ 75.36. ಕನ್ನಡ, ಕೊಂಕಣಿ, ಉರ್ದು, ಮರಾಠಿ ನಾಲ್ಕೂ ಬಳಕೆಯಲ್ಲಿರುವ ಜಿಲ್ಲೆಯು ಏಕಭಾಷೆಯ ಎಷ್ಟೋ ಜಿಲ್ಲೆಗಳಿಗಿಂತ ಮುಂದಿದೆ. ಇದರಿಂದ ಭಾಷಾವೈಷಮ್ಯವು ಹಾನಿಕರವಲ್ಲವೆಂದು ಸಿದ್ಧವಾಗುವುದಿಲ್ಲ. ಆ ಹಾನಿಯನ್ನು ಮುಚ್ಚಿಹಾಕಬಲ್ಲ ಬೇರೆ ಶಕ್ತಿಗಳು ಇವೆಯೆಂದಷ್ಟೇ ತಿಳಿಯುತ್ತದೆ.

ಶಾಸ್ತ್ರಿಯವರ ಪ್ರಬಂಧದ ಯುಕ್ತಿಯು ಬೇರೆ ಬಗೆಯದು. ಹಿಂದಿಯಿಂದ ದೂರವಾದ ನುಡಿಯನ್ನಾಡುವವರಿಗೆ ಹಿಂದಿಯನ್ನು ಕಲಿಯುವುದು ಕಷ್ಟ. ಆದುದರಿಂದ ಅವರು ಹೊರಗಿನವರೊಡನೆ ವ್ಯವಹರಿಸಲು ಇಂಗ್ಲಿಷಿನ ಕಡೆಗೆ ತಿರುಗುವರು. ಹಾಗೆ ತಿರುಗಿದ ಜಿಲ್ಲೆಗಳಿಗೆ ಜಾಗತೀಕರಣದ ಅನಂತರ ಮಾಹಿತಿ ತಂತ್ರಜ್ಞಾನದ ಉದ್ಯೋಗಗಳು ಹೆಚ್ಚಾಗಿ ಬಂದುವು, ಶಾಲೆಗೆ ಸೇರುವವರೂ ಹೆಚ್ಚಿದರು ಎಂಬುದು ಅವರ ಮತ. ದೇಶದ ಮಟ್ಟದಲ್ಲಿ ಇದು ಚುರುಕಾದ ಆಲೋಚನೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಅಳತೆಗೋಲಿನಿಂದ ಕೊಂಕಣಿಯು ಹಿಂದಿಗೆ ಹತ್ತಿರದ ನೆಂಟ, ಕನ್ನಡವು ದೂರದ ಪರಿಚಿತ. ಆಗ ಅಂಕೋಲೆಯವನು ಇಂಗ್ಲಿಷಿಗೆ ಬಾಗಬೇಕು, ಕಾರವಾರದವನು ಹಿಂದಿಗೆ ಬಾಗಬೇಕು. ಈ ಕರಾವಳಿಯ ಕೊಂಕಣಿಗರು ಎಷ್ಟೋ ತಲೆಮಾರುಗಳಿಂದ ಇಂಗ್ಲಿಷನ್ನು ಕಲಿತು ಮುಂಬಯಿಯ ಕಚೇರಿಗಳಿಗೂ ಬ್ಯಾಂಕುಗಳಿಗೂ ಹೋಗುತ್ತಿರುವುದನ್ನು ಬಲ್ಲವರಿಗೆ ಈ ನಿಯಮವು ನಗೆ ತರಿಸೀತು. ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು, ಕಚೇರಿಯಲ್ಲಿ ಒಂದು ಭಾಷೆಯನ್ನಾಡಿ ಬೆಳೆದವನಿಗೆ ಮತ್ತೊಂದನ್ನು ಕಲಿಯುವ ಕಷ್ಟವು ಭಾಷಾವಂಶವೃಕ್ಷದ ಕೊಂಬೆಗಳ ಅಂತರದಿಂದ ನಿರ್ಣಯವಾಗುವುದಿಲ್ಲ. ಇದಲ್ಲದೆ, ಕಾರವಾರದವನ ಇಂಗ್ಲಿಷಿಗೆ ಬೆಲೆ ಸಿಕ್ಕುವುದು ಬೆಂಗಳೂರಿನಲ್ಲಿಯೋ ಗೋವೆಯಲ್ಲಿಯೋ. ಕಲಿತದ್ದು ಒಂದು ಜಿಲ್ಲೆಯಲ್ಲಿ, ಫಲವು ಇನ್ನೊಂದು ಜಿಲ್ಲೆಯ ಲೆಕ್ಕದಲ್ಲಿ. ವಲಸೆಯೇ ಮುಖ್ಯ ವೃತ್ತಿಯಾದ ನಾಡುಗಳಿಗೆ ಜಿಲ್ಲೆಯನ್ನು ಮಾನವಾಗಿ ಇಟ್ಟುಕೊಳ್ಳುವ ಪದ್ಧತಿಯು ಒಪ್ಪುವುದಿಲ್ಲ.

ಆಜಮ್ ಮೊದಲಾದವರ ಪ್ರಬಂಧವು ಈ ದೋಷಕ್ಕೆ ಒಳಗಾಗದೆ ಇರುವುದು ಅದು ಜಿಲ್ಲೆಯನ್ನು ಬಿಟ್ಟು ವ್ಯಕ್ತಿಯನ್ನು ಹಿಡಿದಿರುವುದರಿಂದ. 2005ರ ಭಾರತ ಮಾನವಾಭಿವೃದ್ಧಿ ಸಮೀಕ್ಷೆಯನ್ನಾಧರಿಸಿ, ಇಂಗ್ಲಿಷನ್ನು ನಿರರ್ಗಳವಾಗಿ ಆಡಬಲ್ಲ ಗಂಡಸರ ಗಂಟೆಯ ಕೂಲಿಯು ಏನೂ ಆಡಲಾರದವರ ಕೂಲಿಗಿಂತ ಶೇಕಡಾ 34ರಷ್ಟು ಹೆಚ್ಚೆಂದೂ, ಅಲ್ಪಸ್ವಲ್ಪ ಆಡಬಲ್ಲವರದು ಶೇಕಡಾ 13ರಷ್ಟು ಹೆಚ್ಚೆಂದೂ ಅವರು ಕಂಡುಕೊಂಡಿರುತ್ತಾರೆ. ಇದರಲ್ಲಿ 34 ಎಂಬ ಅಂಕಿಗೆ ಮಾತ್ರ ರೆಕ್ಕೆ ಬಂದಿದೆ. ಪ್ರಬಂಧದ ಅತ್ಯಂತ ಬೆಲೆಯುಳ್ಳ ವಾಕ್ಯವು ಅದಲ್ಲ. ತರುಣರಲ್ಲಿ ಹೆಚ್ಚು ಓದಿದವರಿಗೆ ಮಾತ್ರ ಇಂಗ್ಲಿಷಿನಿಂದ ಹೆಚ್ಚುವರಿ ಆದಾಯವುಂಟು, ಕಡಮೆ ಓದಿದ ತರುಣರಿಗೆ ಇಲ್ಲ ಎಂಬುದೇ ಆ ವಾಕ್ಯ. ಮೊದಲನೆಯ ತರಗತಿಯಿಂದಲೇ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿ, ಪಾಠ ತಿಳಿಯದೆ ನಡುವೆ ಶಾಲೆ ಬಿಟ್ಟ ಹುಡುಗನಿಗೆ ಆ 34ರಲ್ಲಿ ಪಾಲಿಲ್ಲವೆಂದು ಇದರಿಂದ ಹೊರಡುತ್ತದೆ. ಇಂಗ್ಲಿಷ್ ಮಾಧ್ಯಮದ ಪಕ್ಷದವರು ಈ ಪ್ರಬಂಧವನ್ನು ಕೊನೆಯವರೆಗೆ ಓದಬೇಕು.

ಆದರೂ ಒಂದು ಅಂತರವು ಇದರಲ್ಲಿಯೂ ಉಳಿದಿದೆ. ಕಾಳೀನದಿಯಾಚೆಗೆ ಗೋವೆಯ ಕಾರ್ಖಾನೆಗಳಲ್ಲಿಯೂ ಹೋಟೆಲುಗಳಲ್ಲಿಯೂ ಕೆಲಸಕ್ಕೆ ಹೋಗುವ ಕಾರವಾರದವರಿಗೆ ಅನ್ನ ಕೊಡುವ ಭಾಷೆಯು ಇಂಗ್ಲಿಷಿನಷ್ಟೇ ಕೊಂಕಣಿಯೂ ಆಗಿದೆ. ಅದನ್ನು ಅವರು ಯಾವ ಶಾಲೆಯಲ್ಲಿಯೂ ಕಲಿತಿಲ್ಲ. ಅಂಕೋಲೆಯ ಕನ್ನಡಿಗನು ಮೀನುಪೇಟೆಯಲ್ಲಿಯೂ ದೋಣಿಯಲ್ಲಿಯೂ ಬೆರೆತು ಅದನ್ನು ಸಂಪಾದಿಸುವನು. ಕಾರವಾರದ ಅರಗಾದಲ್ಲಿ ನೌಕಾನೆಲೆಗಾಗಿ ಕಾರವಾರ-ಅಂಕೋಲೆಗಳ ಕರಾವಳಿ ಗ್ರಾಮಗಳ ಸಾವಿರಾರು ಕುಟುಂಬಗಳು ಎಬ್ಬಿಸಲ್ಪಟ್ಟವು. 2005ರಲ್ಲಿ ನೆಲೆಯು ಕಾರ್ಯಾರಂಭ ಮಾಡಿತು. ಕೈಗಾದಲ್ಲಿ 2000ದಲ್ಲಿ ಅಣುವಿದ್ಯುತ್ತಿನ ವಾಣಿಜ್ಯ ಉತ್ಪಾದನೆಯು ಮೊದಲಾಯಿತು. ಇವುಗಳ ಆವರಣದಲ್ಲಿ ಹಿಂದಿ ಇಂಗ್ಲಿಷುಗಳ ಬಳಕೆ. ನೆಲ ಕಳೆದುಕೊಂಡವರ ಮನೆಯ ಕೊಂಕಣಿ ಕನ್ನಡಗಳಿಗೆ ಅಲ್ಲಿ ಏನು ಬೆಲೆ ಕಟ್ಟಲಾಯಿತೆಂಬುದು ಕೂಲಿಯ ಅರ್ಥಶಾಸ್ತ್ರಕ್ಕೆ ತಕ್ಕ ವಿಷಯವೇ ಆಗಿದೆ. ಸಮೀಕ್ಷೆಯು ಇಂಗ್ಲಿಷೊಂದನ್ನೇ ಕೇಳಿದ್ದರಿಂದ ಇಂಗ್ಲಿಷೊಂದಕ್ಕೇ ಬೆಲೆಯಿರುವಂತೆ ಕಾಣುತ್ತದೆ.

ಈ ಸೂಕ್ಷ್ಮಗಳು ಶಾಸನಗಳ ಮಾತಿನಲ್ಲಿ ಹೇಗೆ ಮಗುವಿನ ತಲೆಯ ಮೇಲೆ ಬೀಳುತ್ತವೆಂಬುದನ್ನು ಒಂದು ಅವ್ಯಯದಿಂದ ತಿಳಿಯಬಹುದು. 1994ರ ಕರ್ನಾಟಕ ಸರಕಾರದ ಆಜ್ಞೆಯು ಒಂದರಿಂದ ನಾಲ್ಕನೆಯ ತರಗತಿಯವರೆಗೆ ‘ಮಾತೃಭಾಷೆ ಅಥವಾ ಕನ್ನಡ’ ಮಾಧ್ಯಮವಿರತಕ್ಕುದೆಂದು ವಿಧಿಸಿತು. ಅಂಕೋಲೆಯ ಕನ್ನಡದ ಮನೆಯಲ್ಲಿ ಆ ‘ಅಥವಾ’ ನಿರರ್ಥಕ. ಎರಡು ಪಕ್ಷಗಳೂ ಒಂದೇ. ಕಾರವಾರದ ಕೊಂಕಣಿಯ ಮನೆಯಲ್ಲಿ ಅದು ಕತ್ತರಿ. ಒಂದು ಪಕ್ಷದಲ್ಲಿ ಶಾಲೆಯಿಲ್ಲ, ಇನ್ನೊಂದು ಪಕ್ಷದಲ್ಲಿ ತಾಯ ಮಾತಿಲ್ಲ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನಪೀಠವು ಆ ನಿರ್ಬಂಧವನ್ನು ರದ್ದುಗೊಳಿಸಿ, ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವ ಹಕ್ಕು ತಂದೆತಾಯಿಗಳದೆಂದು ಹೇಳಿತು. 2019ರಲ್ಲಿ ಸರಕಾರಿ ಶಾಲೆಗಳಲ್ಲಿಯೇ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದುವು. 2025ರಲ್ಲಿ ಸುಖದೇವ ಥೋರಾಟರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವು ಐದನೆಯ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮವನ್ನೂ, ತ್ರಿಭಾಷೆಯ ಬದಲು ದ್ವಿಭಾಷಾ ಸೂತ್ರವನ್ನೂ ಶಿಫಾರಸು ಮಾಡಿತು. ಹಳೆಯ ‘ಅಥವಾ’ ಮತ್ತೆ ಬಂದಿತು.

ಕೊಂಕಣಿಗೆ ಇದರಲ್ಲಿ ಇನ್ನೊಂದು ಅಪಾಯವೂ ಅಡಗಿದೆ. 2007ರಿಂದ ಕರ್ನಾಟಕದ ಶಾಲೆಗಳಲ್ಲಿ ಅದಕ್ಕೆ ದೊರೆತ ಸ್ಥಾನವು ಐಚ್ಛಿಕವಾದ ತೃತೀಯ ಭಾಷೆಯ ಸ್ಥಾನ. ಮೂರನೆಯ ಮಣೆಯನ್ನೇ ಎತ್ತಿದರೆ ಅದರ ಮೇಲೆ ಕುಳಿತವರು ಎಲ್ಲಿ ಕೂಡಬೇಕು? ಹಿಂದಿಯ ಹೊರೆಯನ್ನು ಇಳಿಸಬೇಕೆಂಬ ಕನ್ನಡಿಗರ ನ್ಯಾಯವಾದ ಬಯಕೆಯು ಕಾರವಾರದಲ್ಲಿ ಮನೆಯ ಮಾತನ್ನು ಶಾಲೆಯಿಂದ ಹೊರಗೆ ಹಾಕುವ ಉಪಾಯವಾಗಬಾರದು. ಮೇಲಿನ ಮೂರು ಪ್ರಬಂಧಗಳಲ್ಲಿ ಯಾವುದನ್ನು ತೆರೆದರೂ ಈ ಪ್ರಶ್ನೆಗೆ ಒಂದು ಅಂಕಿಯೂ ದೊರೆಯುವುದಿಲ್ಲ.

ಲಿಪಿಯ ವಿಚಾರವಂತೂ ಅವುಗಳ ಕಣ್ಣಿಗೇ ಬಿದ್ದಿಲ್ಲ. ಕರ್ನಾಟಕದಲ್ಲಿ ಕೊಂಕಣಿಯ ಪಾಠವನ್ನು ಕನ್ನಡ ಲಿಪಿಯಲ್ಲಿಯೂ ದೇವನಾಗರಿಯಲ್ಲಿಯೂ ಕಲಿಯಲು ಅವಕಾಶವಿದೆ. ಗೋವೆಯು 1987ರ ಕಾಯಿದೆಯಿಂದ ದೇವನಾಗರಿಯ ಕೊಂಕಣಿಯನ್ನು ರಾಜಭಾಷೆಯಾಗಿ ಮಾಡಿಕೊಂಡಿತು. ಮಂಗಳೂರಿನ ಮಗುವಿಗೆ ಕನ್ನಡ ಲಿಪಿಯ ಕೊಂಕಣಿಯು ಒಂದೇ ಅಕ್ಷರಮಾಲೆಯಲ್ಲಿ ಎರಡು ಭಾಷೆಗಳನ್ನು ಕೊಡುತ್ತದೆ. ಗೋವೆಯ ಗಡಿಯಲ್ಲಿರುವ ಕಾರವಾರದ ಮಗುವಿಗೆ ದೇವನಾಗರಿಯು ಗಡಿಯಾಚೆಯ ಓದುಬರಹಕ್ಕೆ ಬಾಗಿಲು. ಕಲಿಯುವ ಶ್ರಮವನ್ನೂ ಗಳಿಸುವ ಲಾಭವನ್ನೂ ತೂಗಿ ನೋಡಲು ಇದಕ್ಕಿಂತ ತಕ್ಕ ಪ್ರಸಂಗವು ಅರ್ಥಶಾಸ್ತ್ರಜ್ಞನಿಗೆ ಸಿಕ್ಕುವುದು ಕಷ್ಟ. 2022ರಲ್ಲಿ ಕಾರವಾರ ನಗರಸಭೆಯ ನಾಮಫಲಕಗಳ ಮೇಲೆ ದೇವನಾಗರಿಯು ಕಾಣಿಸಿಕೊಂಡಾಗ, ಅದನ್ನು ಕೊಂಕಣಿಯೆಂದು ಓದಬೇಕೋ ಮರಾಠಿಯೆಂದು ಓದಬೇಕೋ ಎಂಬ ಜಗಳವೆದ್ದು ಫಲಕಗಳಿಗೆ ಮಸಿ ಬಳಿಯುವವರೆಗೆ ಹೋಯಿತು. 1905ರ ಸಂಪುಟವು ಬಿತ್ತಿದ ಸಂದೇಹವು ಆ ಮಸಿಯಲ್ಲಿಯೂ ಇದ್ದಿತು.